ಧರ್ಮಶಾಲಾ ಮ್ಯಾಚಿಗೆ ಹೊರಟವರು ಬೆಟ್ಟ ಹತ್ತುವುದು ಯಾವ ದಿನ?

ಟಿವಿಯಲ್ಲಿ ಹಿಮಾಚಲ ಪ್ರದೇಶದ ಧರ್ಮಶಾಲಾದ ಕ್ರಿಕೆಟ್ ಮ್ಯಾಚು ನೋಡಿದವರಿಗೆ ಆ ದೃಶ್ಯ ಗೊತ್ತು. ಓವರ್ ಮುಗಿದ ಕೂಡಲೇ ಕ್ಯಾಮೆರಾ ಮೈದಾನ ಬಿಟ್ಟು ಮೇಲೇರುತ್ತದೆ, ಸ್ಟ್ಯಾಂಡಿನ ಹಿಂದೆ ಹಿಮ ಹೊತ್ತ ಗೋಡೆಯೊಂದು ಪರದೆ ತುಂಬುತ್ತದೆ. ಅದು ಧೌಲಾಧಾರ್ ಬೆಟ್ಟಸಾಲು. 2024ರ ಮೇ 9ರಂದು ಕೊಹ್ಲಿ 92 ಹೊಡೆದು, ಆರ್‌ಸಿಬಿ ಪಂಜಾಬ್ ಕಿಂಗ್ಸನ್ನು 60 ರನ್‌ಗಳಿಂದ ಸೋಲಿಸಿದ್ದು ಅದೇ ಮೈದಾನದಲ್ಲಿ. ಅಲ್ಲೊಂದು ಮ್ಯಾಚಿದೆ ಎಂದು ವೇಳಾಪಟ್ಟಿ ಬಂದರೆ ಸಾಕು, ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ “ಈ ಸರ್ತಿ ಹೋಗೂಣೇನಪಾ?” ಶುರುವಾಗುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: “ಅಷ್ಟ ದೂರ ಹೋದ ಮ್ಯಾಲೆ ಗುಡ್ಡಾನೂ ಹತ್ತಿ ಬರೂಣು.”

ಎರಡನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸಬಹುದು. ಆದರೆ ಬಹಳಷ್ಟು ಮಂದಿ ಹಾಕುವ ಲೆಕ್ಕ ಹೀಗಿರುತ್ತದೆ: ರಾತ್ರಿ ಮ್ಯಾಚು, ಬೆಳಗ್ಗೆ ಬೆಟ್ಟ, ಸಂಜೆ ದೆಹಲಿ ಬಸ್ಸು. ಈ ಲೆಕ್ಕ ಕಾಗದದ ಮೇಲಷ್ಟೇ ಕೂಡುತ್ತದೆ. ಅದು ಎಲ್ಲಿ ತಪ್ಪುತ್ತದೆ ಎಂದು ತಿಳಿಯಲು ಎತ್ತರ, ಮಳೆ, ನಿದ್ದೆ ಈ ಮೂರರ ಪರಿಚಯ ಬೇಕು.

ಒಂದೇ ಊರಲ್ಲ, ಮೂರು ಮೆಟ್ಟಿಲು

ಹೊರಗಿನವರು ‘ಧರ್ಮಶಾಲಾ’ ಎಂದು ಕರೆಯುವುದು ಒಂದರ ಮೇಲೊಂದಿರುವ ಮೂರು ಜಾಗಗಳನ್ನು. ಕ್ರೀಡಾಂಗಣ ಇರುವುದು ಕೆಳಗಿನ ಊರಿನಲ್ಲಿ, ಸಮುದ್ರಮಟ್ಟದಿಂದ 1,457 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸು ಸುತ್ತುದಾರಿ ಏರಿದರೆ ಮೆಕ್ಲಿಯೋಡ್‌ಗಂಜ್, ಸುಮಾರು 2,000 ಮೀಟರ್. ದಲೈ ಲಾಮಾ ಅವರ ನಿವಾಸ ಇರುವುದು, ಪ್ರವಾಸಿಗಳು ಹೆಚ್ಚಾಗಿ ಉಳಿಯುವುದು ಇಲ್ಲೇ. ಮೂರನೆಯದು ತ್ರಿಯುಂಡ್, ಸುಮಾರು 2,850 ಮೀಟರ್ ಎತ್ತರದ ಹುಲ್ಲಿನ ದಿಬ್ಬ. ಧೌಲಾಧಾರ್ ಎದುರಿಗೇ ನಿಂತಂತೆ ಕಾಣುವ ಈ ಜಾಗಕ್ಕೆ ವಾಹನ ಹೋಗುವುದಿಲ್ಲ, ನಡೆದೇ ಹತ್ತಬೇಕು. ಮ್ಯಾಚಿಗೆ ಹೋದವರು ‘ಬೆಟ್ಟ’ ಎನ್ನುವುದು ಸಾಮಾನ್ಯವಾಗಿ ಇದನ್ನೇ.

ನಮ್ಮ ಬೆಳಗಾವಿ ಇರುವುದು ಸುಮಾರು 750 ಮೀಟರಿನಲ್ಲಿ. ವಿಜಯಪುರ, ಬಾಗಲಕೋಟೆ ಇನ್ನೂ ಕೆಳಗೆ. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಗಾಳಿಯೇ ತೆಳುವಾಗುತ್ತದೆ. ಅರಳೆ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಗೋದಾಮು ನೆನೆಸಿಕೊಳ್ಳಿ: ತಳದ ಮೂಟೆ ಮೇಲಿನ ಭಾರಕ್ಕೆ ಒತ್ತಿ ಗಟ್ಟಿಯಾಗಿರುತ್ತದೆ, ತುದಿಯದು ಸಡಿಲವಾಗಿರುತ್ತದೆ. ಗಾಳಿಯದೂ ಅದೇ ಕತೆ. ಬೆಳಗಾವಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕವನ್ನು 100 ಎಂದುಕೊಂಡರೆ, ಕ್ರೀಡಾಂಗಣದಲ್ಲಿ ಸುಮಾರು 92, ಮೆಕ್ಲಿಯೋಡ್‌ಗಂಜ್‌ನಲ್ಲಿ 86, ತ್ರಿಯುಂಡಿನಲ್ಲಿ 77. ಮೊದಲ ಎರಡು ಕಡೆ ಕುಳಿತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೂರನೆಯದರ ಹತ್ತಿರ ಬಂದಾಗ ಏದುಸಿರು ಬರುತ್ತದೆ, ಅದು ಶಕ್ತಿ ಸಾಲದ್ದಕ್ಕೇ ಬರಬೇಕೆಂದಿಲ್ಲ.

ತಾಪಮಾನಕ್ಕೂ ಒಂದು ಸರಳ ಲೆಕ್ಕವಿದೆ: ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಕೆ. ಕ್ರೀಡಾಂಗಣದಲ್ಲಿ 24 ಡಿಗ್ರಿ ಇದ್ದ ಹೊತ್ತಿಗೆ ತ್ರಿಯುಂಡಿನಲ್ಲಿ 15ರ ಆಸುಪಾಸು ಇರುತ್ತದೆ. ಬೀಸುಗಾಳಿಯ ಚಳಿ ಬೇರೆ.

ಮಾರ್ಚಿನಲ್ಲಿ ಮಳೆ ಎಲ್ಲಿಂದ?

ನಮ್ಮ ಕಡೆ ಮಾರ್ಚ್ ಎಂದರೆ ಬಿಸಿಲು. 2020ರ ಮಾರ್ಚ್ 12ರಂದು ಧರ್ಮಶಾಲಾದಲ್ಲಿ ಭಾರತ–ದಕ್ಷಿಣ ಆಫ್ರಿಕಾ ಏಕದಿನ ಪಂದ್ಯ ಮಳೆಯಿಂದಾಗಿ ಒಂದು ಚೆಂಡೂ ಕಾಣದೆ ರದ್ದಾಯಿತು. ಅದಕ್ಕೂ ಹಿಂದೆ, 2019ರ ಸೆಪ್ಟೆಂಬರ್ 15ರಂದು, ಇದೇ ಎರಡು ತಂಡಗಳ ಟಿ20 ಪಂದ್ಯವೂ ಹೀಗೆಯೇ ತೊಳೆದು ಹೋಗಿತ್ತು. ಎರಡೂ ಸಲ ಸುರಿದದ್ದು ಮಳೆಯೇ, ಕಾರಣ ಮಾತ್ರ ಬೇರೆ ಬೇರೆ.

ಸೆಪ್ಟೆಂಬರಿನದು ಮುಂಗಾರಿನ ಬಾಲ. ಕಣಕುಂಬಿಯಲ್ಲಿ ಧೋ ಎಂದು ಸುರಿಯುವಾಗ ಅಥಣಿಯಲ್ಲಿ ಧೂಳು ಏಳುವುದನ್ನು ಬೆಳಗಾವಿ ಜಿಲ್ಲೆಯವರು ಪ್ರತಿ ವರ್ಷ ನೋಡುತ್ತಾರೆ. ತೇವ ಹೊತ್ತ ಗಾಳಿ ಸಹ್ಯಾದ್ರಿಗೆ ತಾಗಿ ಮೇಲೇಳುತ್ತದೆ, ಏರುತ್ತ ತಣ್ಣಗಾಗುತ್ತದೆ, ತಣ್ಣಗಾದದ್ದು ತೇವ ಹಿಡಿದುಕೊಳ್ಳಲಾರದೆ ಅಲ್ಲೇ ಸುರಿಸಿಬಿಡುತ್ತದೆ. ಧೌಲಾಧಾರ್ ಎದುರಿನ ಧರ್ಮಶಾಲಾ ಆ ನಾಡಿನ ಕಣಕುಂಬಿ. ಕಾಂಗ್ರಾ ಕಣಿವೆಯಿಂದ ಬೆಟ್ಟ ಹಂತಹಂತವಾಗಿ ಏರದೆ ಒಮ್ಮೆಲೇ ಎದ್ದು ನಿಂತಿದೆ, ಅದಕ್ಕೇ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ವಿಜಯಪುರದಲ್ಲಿ ಬೀಳುವುದರ ಹೆಚ್ಚುಕಡಿಮೆ ಐದು ಪಟ್ಟು.

ಮಾರ್ಚಿನ ಮಳೆ ಬರುವುದು ಪಶ್ಚಿಮದ ಕಡೆಯಿಂದ. ಮೆಡಿಟರೇನಿಯನ್ ಸಮುದ್ರದತ್ತ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಮೋಡಗಳ ತಂಡಕ್ಕೆ ‘ಪಶ್ಚಿಮದ ಕ್ಷೋಭೆ’ ಎನ್ನುತ್ತಾರೆ. ಚಳಿಗಾಲದಲ್ಲಿ ಇವು ಒಂದರ ಹಿಂದೊಂದು ಬರುತ್ತವೆ, ಏಪ್ರಿಲ್‌–ಮೇವರೆಗೂ ಆಗಾಗ ಇಣುಕುತ್ತವೆ. ಕೆಳಗೆ ಮಳೆ, ಮೇಲೆ ಹಿಮ. ಇವು ಒಂದೆರಡು ದಿನ ಕಾಡಿ ಸರಿದುಹೋಗುತ್ತವೆ, ಹೋದ ಮೇಲೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಪ್ರವಾಸದ ಕೊನೆಗೆ ಒಂದು ಖಾಲಿ ದಿನ ಇಟ್ಟುಕೊಳ್ಳಿ ಎನ್ನುವುದು ಇದಕ್ಕಾಗಿಯೇ. ಇಂದು ಸುರಿದರೆ ನಾಳೆಯೋ ನಾಡಿದ್ದೋ ಬೆಟ್ಟ ಸಿಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಮಳೆ ಮಧ್ಯಾಹ್ನದ್ದು. ಬೆಳಗಿನ ಬಿಸಿಲಿಗೆ ಇಳಿಜಾರು ಕಾಯುತ್ತದೆ, ಕಾದ ಗಾಳಿ ಬೆಟ್ಟದ ಮೈಗುಂಟ ಏರಿ ಹನ್ನೆರಡು–ಒಂದರ ಹೊತ್ತಿಗೆ ಮೋಡವಾಗುತ್ತದೆ. ಬೇಸಿಗೆಯಲ್ಲಿ ಗುಡುಗು, ಕೆಲವೊಮ್ಮೆ ಆಲಿಕಲ್ಲು. ಬೆಟ್ಟ ಹತ್ತುವವರು ಬೆಳಗ್ಗೆ ಏಳಕ್ಕೇ ಹೊರಡಬೇಕು ಎನ್ನುವುದರ ಹಿಂದೆ ಶಿಸ್ತಿಗಿಂತ ಹೆಚ್ಚಾಗಿ ಈ ಮೋಡದ ಭಯವಿದೆ.

ಮ್ಯಾಚಿನ ಮರುದಿನ ಏಕೆ ಬೇಡ

ಸಂಜೆ ಏಳೂವರೆಗೆ ಶುರುವಾಗುವ ಐಪಿಎಲ್ ಪಂದ್ಯ ಮುಗಿಯುವುದು ಹನ್ನೊಂದು ದಾಟಿದ ಮೇಲೆ. ಕ್ರೀಡಾಂಗಣದಲ್ಲಿ ಸುಮಾರು 23 ಸಾವಿರ ಜನ, ಊರೋ ಚಿಕ್ಕದು, ರಸ್ತೆ ಇಕ್ಕಟ್ಟು. ಮೆಕ್ಲಿಯೋಡ್‌ಗಂಜ್‌ನಲ್ಲಿ ಕೋಣೆ ಹಿಡಿದವರು ತಲುಪಿ ಮಲಗುವಷ್ಟರಲ್ಲಿ ಒಂದೋ ಎರಡೋ ಗಂಟೆ. ಬೆಳಗ್ಗೆ ಏಳಕ್ಕೆ ಬೆಟ್ಟದ ಬುಡದಲ್ಲಿರಬೇಕೆಂದರೆ ನಾಲ್ಕು ತಾಸು ನಿದ್ದೆ. ಹಾಗಾಗಿ ಎಂಟೂವರೆಗೆ ಏಳುತ್ತಾರೆ, ಹತ್ತಕ್ಕೆ ಹತ್ತಲು ಶುರುಮಾಡುತ್ತಾರೆ, ಒಂದಕ್ಕೆ ಮೋಡ ಸಿಗುತ್ತದೆ. ದೆಹಲಿ ಬಸ್ಸಿಗೆ ಹೊತ್ತಾಯಿತೆಂದು ಇಳಿಯುವಾಗ ಓಡುತ್ತಾರೆ. ಕಾಲು ಉಳುಕುವುದು ಆಗ.

ಬೆಟ್ಟವನ್ನು ಮ್ಯಾಚಿಗಿಂತ ಮೊದಲೇ ಮುಗಿಸಿದರೆ? ಎರಡು ರಾತ್ರಿ ರೈಲು, ಒಂದು ರಾತ್ರಿ ಬಸ್ಸು ಕಳೆದ ಮೈಗೆ ಅದು ಒಗ್ಗುವುದಿಲ್ಲ. ಉಳುಕಿದ ಕಾಲಿನಲ್ಲಿ ಗ್ಯಾಲರಿ ಮೆಟ್ಟಿಲು ಹತ್ತುವುದೂ ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಮ್ಯಾಚಿನ ದಿನ ನಿಮಗಾಗಿ ಕಾಯುವುದಿಲ್ಲ, ಬೆಟ್ಟ ಕಾಯುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಮ್ಯಾಚಿನ ಹಿಂದಿನ ದಿನ ತಲುಪಿ ವಿಶ್ರಾಂತಿ. ಮ್ಯಾಚು. ಮರುದಿನ ತಡವಾಗಿ ಎದ್ದು ಮೆಕ್ಲಿಯೋಡ್‌ಗಂಜ್, ಭಾಗ್ಸು ಜಲಪಾತದ ಕಡೆ ಎರಡು ತಾಸಿನ ಅಡ್ಡಾಟ. ಅದರ ಮರುದಿನ ತ್ರಿಯುಂಡ್. ಆಮೇಲೆ ಒಂದು ಖಾಲಿ ದಿನ. ಇದರಿಂದ ಇನ್ನೆರಡು ಲಾಭಗಳಿವೆ. ಆ ಹೊತ್ತಿಗೆ ಮೆಕ್ಲಿಯೋಡ್‌ಗಂಜ್‌ನ ಎತ್ತರಕ್ಕೆ ಮೈ ಒಗ್ಗಿರುತ್ತದೆ. ಮ್ಯಾಚಿನ ಜನವೂ ಊರು ಬಿಟ್ಟಿರುತ್ತದೆ, ಟ್ಯಾಕ್ಸಿಯವರು ಕರೆದರೆ ಬರುತ್ತಾರೆ, ಕೋಣೆಯ ಬಾಡಿಗೆಯಲ್ಲಿ ಚೌಕಾಸಿಗೆ ಜಾಗ ಸಿಗುತ್ತದೆ.

ಟೆಸ್ಟ್ ಪಂದ್ಯದ ಲೆಕ್ಕ ಬೇರೆ. 2024ರ ಮಾರ್ಚ್ 7ಕ್ಕೆ ಶುರುವಾದ ಭಾರತ–ಇಂಗ್ಲೆಂಡ್ ಟೆಸ್ಟ್ ಮೂರೇ ದಿನಕ್ಕೆ ಮುಗಿಯಿತು, ಭಾರತ ಇನಿಂಗ್ಸ್ ಮತ್ತು 64 ರನ್‌ಗಳಿಂದ ಗೆದ್ದಿತು. ಐದು ದಿನಕ್ಕೆಂದು ಹೋದವರಿಗೆ ಎರಡು ದಿನ ಬೆಟ್ಟಕ್ಕೆ ಉಳಿಯಿತು. ಆದರೆ ಮಾರ್ಚಿನಲ್ಲಿ ತ್ರಿಯುಂಡಿನ ದಾರಿಯಲ್ಲಿ ಹಿಮ ಇರಬಹುದು, ಸ್ಥಳೀಯರನ್ನು ಕೇಳದೆ ಹೊರಡಬಾರದು.

ಬೆಳಗಾವಿಯಿಂದ ದಾರಿ

ಬೆಳಗಾವಿಯವರಿಗೆ ಗೋವಾ ಎಕ್ಸ್‌ಪ್ರೆಸ್ ಇದೆ. ವಾಸ್ಕೋದಿಂದ ಹೊರಟು ಲೋಂಡಾ, ಬೆಳಗಾವಿ, ಮಿರಜ್, ಪುಣೆ ಮೇಲಾಗಿ ದೆಹಲಿಯ ಹಜರತ್ ನಿಜಾಮುದ್ದೀನ್ ತಲುಪುತ್ತದೆ. ನಡುವೆ ಎರಡು ರಾತ್ರಿ, ಒಂದು ಹಗಲು. ವಿಜಯಪುರ, ಬಾಗಲಕೋಟೆಯವರು ಸೊಲ್ಲಾಪುರಕ್ಕೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಬಹುದು.

ದೆಹಲಿಯಿಂದ ಧರ್ಮಶಾಲಾ ರಸ್ತೆಯಲ್ಲಿ ಸುಮಾರು 475 ಕಿಲೋಮೀಟರ್. ಕಾಶ್ಮೀರಿ ಗೇಟ್ ಬಸ್ ನಿಲ್ದಾಣದಿಂದ ಸಂಜೆ ಹೊರಡುವ ಹಿಮಾಚಲ ಸಾರಿಗೆಯ ವೋಲ್ವೊ ಹತ್ತರಿಂದ ಹನ್ನೆರಡು ತಾಸಿನಲ್ಲಿ ಮುಟ್ಟಿಸುತ್ತದೆ. ಕೊನೆಯ ಮೂರು ತಾಸು ತಿರುವುಗಳು. ವಾಂತಿಯಾಗುವವರು ಮುಂದಿನ ಸೀಟು ಹಿಡಿಯಲಿ, ದಾರಿಯ ಢಾಬಾದಲ್ಲಿ ಹೊಟ್ಟೆ ತುಂಬ ಪರಾಠಾ ತಿನ್ನದಿರಲಿ. ರೈಲಿನಲ್ಲೇ ಹೋಗಬೇಕೆಂದರೆ ಪಠಾಣಕೋಟವರೆಗೆ ರೈಲು, ಮುಂದೆ ಮೂರು ತಾಸು ಬಸ್ಸು ಅಥವಾ ಟ್ಯಾಕ್ಸಿ. ಪಠಾಣಕೋಟಿನಿಂದ ಕಾಂಗ್ರಾ ಕಣಿವೆಯ ಸಣ್ಣ ರೈಲು ಚಂದವೇನೋ ಹೌದು, ಆದರೆ 2022ರ ಆಗಸ್ಟ್‌ನಲ್ಲಿ ಚಕ್ಕಿ ನದಿಯ ಸೇತುವೆ ಪ್ರವಾಹಕ್ಕೆ ಕುಸಿದ ಮಾರ್ಗ ಅದು. ಮ್ಯಾಚಿನ ಟಿಕೆಟ್ ಕೈಯಲ್ಲಿಟ್ಟುಕೊಂಡು ಅದನ್ನು ನಂಬಿ ಹೊರಡಬೇಡಿ.

ವಿಮಾನದವರಿಗೆ ಗಗ್ಗಲ್‌ನಲ್ಲಿ ಕಾಂಗ್ರಾ ವಿಮಾನ ನಿಲ್ದಾಣವಿದೆ. ರನ್‌ವೇ ಗಿಡ್ಡ, ಸಣ್ಣ ವಿಮಾನಗಳಷ್ಟೇ ಇಳಿಯುತ್ತವೆ, ಮೋಡ ಕವಿದರೆ ಹಾರಾಟ ರದ್ದಾಗುತ್ತದೆ. ಹಾಗಾಗಿ ಮ್ಯಾಚಿನ ದಿನ ಬೆಳಗ್ಗೆ ಇಳಿಯುತ್ತೇನೆ ಎನ್ನುವುದು ಜೂಜು.

ಟಿಕೆಟ್ ವಿಷಯದಲ್ಲಿ ಒಂದು ತೊಡಕಿದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲೇ ತೆರೆಯುತ್ತದೆ, ಐಪಿಎಲ್ ವೇಳಾಪಟ್ಟಿ ಕೆಲವೊಮ್ಮೆ ಅದಕ್ಕಿಂತ ತಡವಾಗಿ ಬರುತ್ತದೆ. ಬಂದ ಮೇಲೂ ಬದಲಾಗಬಹುದು. 2016ರ ಟಿ20 ವಿಶ್ವಕಪ್‌ನ ಭಾರತ–ಪಾಕಿಸ್ತಾನ ಪಂದ್ಯ ಧರ್ಮಶಾಲಾದಿಂದ ಕೋಲ್ಕತ್ತಕ್ಕೆ ಹೋಯಿತು. 2023ರ ಮಾರ್ಚಿನ ಆಸ್ಟ್ರೇಲಿಯಾ ಟೆಸ್ಟ್, ಮೈದಾನ ಸಿದ್ಧವಾಗದೆ, ಇಂದೋರಿಗೆ ಹೋಯಿತು. 2025ರ ಮೇ 8ರಂದು ಗಡಿಯ ಬಿಕ್ಕಟ್ಟಿನಿಂದಾಗಿ ಪಂಜಾಬ್–ಡೆಲ್ಲಿ ಪಂದ್ಯ ನಡುವೆಯೇ ನಿಂತಿತು. ಕೋಣೆಯನ್ನು ಹಣ ಮರಳುವ ಷರತ್ತಿನಲ್ಲೇ ಕಾಯ್ದಿರಿಸಿ, ನೂರಿನ್ನೂರು ಹೆಚ್ಚಾದರೂ ಚಿಂತೆಯಿಲ್ಲ.

ರೈಲಿನಲ್ಲಿ ಹೋಗಿಬರಲು ಒಟ್ಟು ಹತ್ತು ದಿನ ರಜೆ ಬೇಕು, ದೆಹಲಿವರೆಗೆ ವಿಮಾನವಾದರೆ ಏಳು ಸಾಕು. ಅಷ್ಟು ರಜೆ ಸಿಗದವರು ತ್ರಿಯುಂಡ್ ಕೈಬಿಟ್ಟು ಮ್ಯಾಚು ಮತ್ತು ಮೆಕ್ಲಿಯೋಡ್‌ಗಂಜ್ ನೋಡಿ ಬರುವುದೇ ಒಳ್ಳೆಯದು.

ತ್ರಿಯುಂಡ್ ಹತ್ತುವ ದಿನ

ಮೆಕ್ಲಿಯೋಡ್‌ಗಂಜ್ ಚೌಕದಿಂದ ತ್ರಿಯುಂಡಿಗೆ ಸುಮಾರು 9 ಕಿಲೋಮೀಟರ್. ಧರ್ಮಕೋಟದ ಮೇಲಿನ ಗಲ್ಲೂ ದೇವಿ ಗುಡಿಯವರೆಗೆ ಟ್ಯಾಕ್ಸಿ ಹೋಗುತ್ತದೆ, ಮೊದಲ ಸಲ ಹೋಗುವವರು ಅಲ್ಲಿಂದಲೇ ನಡೆಯಲಿ. ಗುಡಿ ಇರುವುದು ಸುಮಾರು 2,130 ಮೀಟರಿನಲ್ಲಿ. ಉಳಿದ ಏರು 720 ಮೀಟರ್. ಗೋಳಗುಮ್ಮಟದ ಎತ್ತರ 51 ಮೀಟರ್. ಅಂದರೆ ಗುಮ್ಮಟವನ್ನು ಬುಡದಿಂದ ತುದಿಗೆ ಹದಿನಾಲ್ಕು ಸಲ ಹತ್ತಿದಷ್ಟು, ಅದೂ ತೆಳು ಗಾಳಿಯಲ್ಲಿ.

ಅಭ್ಯಾಸವಿಲ್ಲದವರು ತಾಸಿಗೆ 200ರಿಂದ 250 ಮೀಟರ್ ಎತ್ತರ ಏರುತ್ತಾರೆ. ಹಾಗಾಗಿ ಹತ್ತಲು ಮೂರರಿಂದ ನಾಲ್ಕು ತಾಸು, ಇಳಿಯಲು ಎರಡೂವರೆ. ಮೊದಲ ಭಾಗ ಓಕ್, ದೇವದಾರು, ಬುರಾಂಶ್ ಮರಗಳ ನೆರಳಿನಲ್ಲಿ ಹದವಾಗಿ ಏರುತ್ತದೆ. ವಸಂತದಲ್ಲಿ ಹೋದರೆ ಬುರಾಂಶದ ಕೆಂಪು ಹೂವು ಕಾಣಬಹುದು. ಇಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ: ದಾರಿ ಸಲೀಸಾಗಿದೆಯೆಂದು ಜೋರಾಗಿ ನಡೆಯುತ್ತಾರೆ. ಕೊನೆಯ ಕಿಲೋಮೀಟರಿನಲ್ಲಿ ‘22 ತಿರುವು’ ಎಂದೇ ಹೆಸರಾದ ಕಡಿದಾದ ಕಲ್ಲುದಾರಿ ಕಾದಿರುತ್ತದೆ, ಅಲ್ಲಿಗೆ ಬರುವಷ್ಟರಲ್ಲಿ ತೊಡೆ ಸೋತಿರುತ್ತದೆ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ನಡಿಗೆ ಸರಿಯಿದೆ. ಒಂದೊಂದೇ ಪದ ಹೊರಡುತ್ತಿದ್ದರೆ ನಿಧಾನಿಸಿ.

ಹೊರಡುವ ಮೊದಲೇ ತಿರುಗುವ ಗಂಟೆಯೊಂದನ್ನು ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನ ಒಂದು ಎಂದಿಟ್ಟುಕೊಂಡರೆ, ಒಂದಕ್ಕೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್, ತುದಿ ನೂರು ಮೀಟರ್ ದೂರವಿದ್ದರೂ ಅಷ್ಟೇ. ಗುಂಪಿನಲ್ಲಿ ಹೋದಾಗ ಈ ಮಾತು ಮೊದಲೇ ಆಗಿರಬೇಕು, ಮೇಲೆ ಹೋಗಿ ಚರ್ಚೆಗೆ ಕೂತರೆ ಕತ್ತಲಾಗುತ್ತದೆ. ತ್ರಿಯುಂಡಿನಿಂದಾಚೆ ಇಂದ್ರಹಾರ್ ಕಣಿವೆದಾರಿ 4,342 ಮೀಟರಿನದು. ಅದಕ್ಕೆ ಮಾರ್ಗದರ್ಶಿ, ತಯಾರಿ, ಬೇರೆಯೇ ಪ್ರವಾಸ ಬೇಕು. “ಇಷ್ಟು ಬಂದೀವಿ, ಇನ್ನೊಂಚೂರು ಹೋಗೂಣು” ಎಂದು ಹೋಗುವ ಜಾಗ ಅದಲ್ಲ.

ಭಾರಿ ಮಳೆ ಅಥವಾ ಹಿಮದ ಮುನ್ಸೂಚನೆ ಇದ್ದಾಗ ಜಿಲ್ಲಾಡಳಿತ ಹತ್ತುವುದನ್ನೇ ನಿಷೇಧಿಸುತ್ತದೆ. ಹಿಂದಿನ ಸಂಜೆ ಹೋಟೆಲಿನವರನ್ನೋ ಪೊಲೀಸರನ್ನೋ ಕೇಳಿ ಖಚಿತಮಾಡಿಕೊಳ್ಳಿ, ಗುರುತಿನ ಚೀಟಿ ಜೊತೆಗಿರಲಿ. ಜುಲೈನಿಂದ ಸೆಪ್ಟೆಂಬರ್ ನಡುವಿನವರೆಗೆ ಭೂಕುಸಿತದ ಕಾಲ, ಆಗ ಈ ದಾರಿಯ ಆಸೆಯೇ ಬೇಡ.

ಚೀಲ, ಬೂಟು, ಕರದಂಟು

ಹೊಸ ಬೂಟು ಕೊಂಡು ನೇರ ಬೆಟ್ಟಕ್ಕೆ ಹೋದರೆ ಎರಡನೇ ತಾಸಿಗೆ ಹಿಮ್ಮಡಿಯಲ್ಲಿ ಬೊಬ್ಬೆ. ಒಂದು ತಿಂಗಳು ಮೊದಲೇ ಕೊಂಡು ಊರಲ್ಲೇ ತಿರುಗಾಡಿ ಪಳಗಿಸಿ. ಇಳಿಯುವ ಮುನ್ನ ಲೇಸು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಪಾದದ ಗಂಟಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿ. ಹಾಗೆ ಮಾಡದಿದ್ದರೆ ಪ್ರತಿ ಹೆಜ್ಜೆಗೂ ಕಾಲು ಮುಂದಕ್ಕೆ ಜಾರಿ ಬೆರಳು ಬೂಟಿನ ಮೂತಿಗೆ ಬಡಿಯುತ್ತದೆ. ಊರಿಗೆ ಬಂದ ಮೇಲೆ ಹೆಬ್ಬೆರಳ ಉಗುರು ಕಪ್ಪಾಗುವುದು ಈ ಬಡಿತಕ್ಕೆ. ಹೊರಡುವ ಮೊದಲು ಉಗುರನ್ನೂ ಕತ್ತರಿಸಿಕೊಳ್ಳಿ.

ಹತ್ತಿಯ ಅಂಗಿ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ನಿಂತ ಕೂಡಲೇ ಚಳಿ ಹಿಡಿಸುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಬೇಕು. ಮ್ಯಾಚಿಗೆಂದು ಕೊಂಡ ಆರ್‌ಸಿಬಿ ಜರ್ಸಿಗೆ ಬೆಟ್ಟದಲ್ಲೂ ಕೆಲಸವಿದೆ, ತೊಳೆದು ಒಣಗಿಸಿಟ್ಟುಕೊಳ್ಳಿ. ಮೇಲೊಂದು ಬೆಚ್ಚನೆಯ ಜಾಕೆಟ್, ಅದರ ಮೇಲೆ ಹಗುರ ರೇನ್‌ಕೋಟ್. ಗಾಳಿಗೆ ಛತ್ರಿ ಉಪಯೋಗಕ್ಕೆ ಬಾರದು. ಪ್ರತಿ ಸಾವಿರ ಮೀಟರಿಗೆ ಸುಡುವ ಅತಿನೇರಳೆ ಕಿರಣ ಸುಮಾರು ಹತ್ತು ಶೇಕಡಾ ಹೆಚ್ಚುತ್ತದೆ, ಆದ್ದರಿಂದ ತಣ್ಣಗಿದ್ದರೂ ಟೊಪ್ಪಿಗೆ ಬಿಡಬೇಡಿ.

ಒಬ್ಬೊಬ್ಬರಿಗೆ ಎರಡರಿಂದ ಮೂರು ಲೀಟರ್ ನೀರು. ತಿನ್ನಲು ಅಮೀನಗಡ ಅಥವಾ ಗೋಕಾಕದ ಕರದಂಟಿಗಿಂತ ಒಳ್ಳೆಯದು ಪೇಟೆಯಲ್ಲಿ ಸಿಗದು: ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ ಒತ್ತಿ ಮಾಡಿದ ತುಂಡು ಸಣ್ಣ ಜಾಗದಲ್ಲಿ ದೊಡ್ಡ ಶಕ್ತಿ ಹಿಡಿದಿರುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿಯೂ ಎರಡು ರಾತ್ರಿಯ ರೈಲು ತಡೆದುಕೊಳ್ಳುತ್ತವೆ. ಕುಂದಾ ಮಾತ್ರ ಪುಣೆ ದಾಟುವಷ್ಟರಲ್ಲಿ ತಿಂದು ಮುಗಿಸಿ. ತಿಂಡಿ ಸುತ್ತಿದ ಕಾಗದ, ಖಾಲಿ ಬಾಟಲಿ ಎಲ್ಲ ಚೀಲದಲ್ಲೇ ವಾಪಸ್ ಬರಲಿ.

ಈ ಚೀಲವನ್ನು ಮ್ಯಾಚಿಗೆ ಒಯ್ಯಬೇಡಿ. ಕ್ರೀಡಾಂಗಣಗಳಲ್ಲಿ ಸಾಮಾನ್ಯವಾಗಿ ಚೀಲ, ನೀರಿನ ಬಾಟಲಿ, ಪವರ್ ಬ್ಯಾಂಕ್ ಒಳಗೆ ಬಿಡುವುದಿಲ್ಲ, ಗೇಟಿನ ಹೊರಗೆ ಎಲ್ಲಿಡುವುದೆಂದು ಒದ್ದಾಡಬೇಕಾಗುತ್ತದೆ.

ತಯಾರಿಗೆ ನಾಲ್ಕು ವಾರ ಸಾಕು. ಬೆಳಗಾವಿಯವರಿಗೆ ಯಳ್ಳೂರಿನ ರಾಜಹಂಸಗಡ, ಬಾಗಲಕೋಟೆಯವರಿಗೆ ಬಾದಾಮಿಯ ಕೋಟೆ ಮೆಟ್ಟಿಲು ಇವೆ. ವಿಜಯಪುರ ಬಯಲು, ಅಲ್ಲಿಯವರಿಗೆ ಕಟ್ಟಡದ ಮೆಟ್ಟಿಲೇ ಗತಿ. ಒಂದು ಅಂತಸ್ತು ಸುಮಾರು 3 ಮೀಟರ್. ವಾರಕ್ಕೆ ಮೂರು ದಿನ, ಮೊದಲ ವಾರ 30 ಅಂತಸ್ತು, ನಾಲ್ಕನೇ ವಾರಕ್ಕೆ 70. ಇಳಿಯುವಾಗ ಲಿಫ್ಟ್ ಹಿಡಿಯಬೇಡಿ, ಬೆಟ್ಟದಲ್ಲಿ ಮೊಣಕಾಲು ನೋಯುವುದು ಇಳಿಯುವಾಗಲೇ.

ತಲೆನೋವು ಬಂದರೆ

ಸಾಮಾನ್ಯವಾಗಿ 2,500 ಮೀಟರ್ ಮೇಲೆ, ಏರಿ ಆರು ತಾಸು ಕಳೆದ ನಂತರ, ಕೆಲವರಿಗೆ ತಲೆನೋವು, ವಾಕರಿಕೆ, ಸುಸ್ತು ಶುರುವಾಗುತ್ತದೆ. ಇದನ್ನು ಎತ್ತರದ ಕಾಯಿಲೆ ಎನ್ನುತ್ತಾರೆ. ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯುವವರಿಗೆ ಇದು ವಿರಳ, ಮೇಲೆಯೇ ರಾತ್ರಿ ಕಳೆಯುವವರಿಗೆ ಸಾಧ್ಯತೆ ಹೆಚ್ಚು. ಖಚಿತವಾದ ಮದ್ದು ಕೆಳಗಿಳಿಯುವುದು. ಹೃದಯದ ತೊಂದರೆ, ಉಬ್ಬಸ, ರಕ್ತದೊತ್ತಡ ಇರುವವರು ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಲಿ.

ಬೆಟ್ಟ ಸಿಗದಿದ್ದರೆ

ಖಾಲಿ ದಿನವೂ ಮಳೆಯೇ ಆದರೆ ಕಾಂಗ್ರಾ ಕಣಿವೆಗೆ ಇಳಿಯಿರಿ. ಪಾಲಂಪುರದ ಚಹಾ ತೋಟಗಳಿವೆ, ಕಾಂಗ್ರಾ ಕೋಟೆಯಿದೆ. ಆದರೆ ನಮ್ಮ ಕಡೆಯವರು ನೋಡಬೇಕಾದದ್ದು ಮಸರೂರು. ಒಂದೇ ಬಂಡೆಯ ದಿಬ್ಬವನ್ನು ಕಡಿದು ಮಾಡಿದ ಗುಡಿಗಳ ಗುಂಪು, ಮುಂದೊಂದು ಕೊಳ, ಆಕಾಶ ತಿಳಿಯಾದರೆ ನೀರಿನಲ್ಲಿ ಗುಡಿಯ ಶಿಖರಗಳ ಬಿಂಬ. 1905ರ ಏಪ್ರಿಲ್ 4ರ ಕಾಂಗ್ರಾ ಭೂಕಂಪಕ್ಕೆ ಅಲ್ಲಿ ಬಿದ್ದ ಕಲ್ಲುಗಳು ಇನ್ನೂ ಸುತ್ತ ಹರಡಿವೆ. ಆ ಶಿಖರಗಳು ನಾಗರ ಶೈಲಿಯವು, ಅಂದರೆ ಉತ್ತರ ಭಾರತದ ಗುಡಿಗಳ ರೀತಿಯವು. ಪಟ್ಟದಕಲ್ಲಿನ ಗಳಗನಾಥ, ಕಾಶಿ ವಿಶ್ವನಾಥ ಗುಡಿಗಳನ್ನು ನೋಡಿದವರಿಗೆ ಆ ಬಾಗಿದ ಗೆರೆ ದೂರದಿಂದಲೇ ಗುರುತು ಸಿಗುತ್ತದೆ.